ಕೇಳಿಸಿಕೊಳ್ಳುವ ಮುಖಗಳು: ನಾಯಕರಾಗದ ನಮ್ಮ ನಟರ ಬಗ್ಗೆ

ಮುಂದಿನ ಸಾಲು, ಬಸವನಗುಡಿ

ಕಳೆದ ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ‘ನಾಗರಹಾವು’ ಬರುತ್ತಿತ್ತು. 1972ರ ಆ ಚಿತ್ರವನ್ನು ನಮ್ಮ ಮನೆಯಲ್ಲಿ ಯಾರೂ ಕೂತು ನೋಡುವುದಿಲ್ಲ. ಹಳೆಯ ನೆಂಟರು ಬಂದಾಗ ಬಾಗಿಲು ತೆರೆದು ಒಳಗೆ ಕೂರಿಸಿ ನಮ್ಮ ಕೆಲಸ ನಾವು ಮಾಡಿಕೊಳ್ಳುವ ಹಾಗೆ, ಅದು ತನ್ನಷ್ಟಕ್ಕೆ ನಡೆಯುತ್ತಿರುತ್ತದೆ. ಅಂದು ಒಳಕೋಣೆಯಲ್ಲಿ ಮೊಮ್ಮಗು ಮಲಗಿದ್ದರಿಂದ ಧ್ವನಿಯನ್ನು ಪೂರ್ತಿ ಇಳಿಸಿದ್ದೆವು. ಮಾತಿಲ್ಲದ ಆ ಅರ್ಧ ಗಂಟೆಯಲ್ಲಿ ನನಗೊಂದು ಸಂಗತಿ ಹೊಳೆಯಿತು. ರಾಮಾಚಾರಿ ಸಿಡಿದು ಮಾತನಾಡುವಾಗಲೆಲ್ಲ ನಾನು ನೋಡುತ್ತಿದ್ದದ್ದು ವಿಷ್ಣುವರ್ಧನ್ ಅವರನ್ನಲ್ಲ, ಎದುರಿಗೆ ನಿಂತು ಕೇಳಿಸಿಕೊಳ್ಳುತ್ತಿದ್ದ ಚಾಮಯ್ಯ ಮೇಷ್ಟ್ರನ್ನು. ಶಿಷ್ಯನ ಒಂದೊಂದು ಮಾತೂ ಆ ಮುಖದ ಮೇಲೆ ಎಲ್ಲಿ ಬಿತ್ತು, ಎಷ್ಟು ಆಳಕ್ಕೆ ಇಳಿಯಿತು ಎಂಬುದು ಕಾಣುತ್ತಿತ್ತು. ಮಾತು ಕೇಳಿಸದಿದ್ದರೂ ಮಾತಿನ ತೂಕ ನನಗೆ ತಿಳಿದದ್ದು ಕೆ.ಎಸ್. ಅಶ್ವತ್ಥ್ ಅವರಿಂದ.

ಅಶ್ವತ್ಥ್ 1955ರಲ್ಲಿ ‘ಸ್ತ್ರೀರತ್ನ’ದ ಮೂಲಕ ಚಿತ್ರರಂಗಕ್ಕೆ ಬಂದದ್ದು ನಾಯಕನಾಗಿಯೇ. ಆಮೇಲೆ ದಶಕಗಳ ಕಾಲ ಅವರು ತಂದೆಯಾದರು, ಅಣ್ಣನಾದರು, ನಾರದನಾದರು, ಮೇಷ್ಟ್ರಾದರು. ನಾಯಕನ ಪಾತ್ರ ಮತ್ತೆ ಅವರ ಮನೆಯ ದಾರಿ ಹಿಡಿಯಲಿಲ್ಲವೆಂದೇ ಹೇಳಬೇಕು. ಇದನ್ನು ಅನ್ಯಾಯವೆಂದು ಕರೆಯುವುದು ಸುಲಭ. ನನಗಿರುವ ಅನುಮಾನ ಬೇರೆ: ಕೇಳಿಸಿಕೊಳ್ಳುವುದು ಮಾತನಾಡುವುದಕ್ಕಿಂತ ಕಷ್ಟದ ನಟನೆ, ಮತ್ತು ನಮ್ಮ ಚಿತ್ರಗಳಲ್ಲಿ ನಾಯಕನಿಗೆ ಕೇಳಿಸಿಕೊಳ್ಳುವ ಕೆಲಸವನ್ನು ಬರೆಯುವುದೇ ಇಲ್ಲ.

ಈ ಮಾತಿಗೆ ಟಿ.ಎನ್. ಬಾಲಕೃಷ್ಣ ಅವರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿಯ ಚಲನೆಯನ್ನು ನೋಡಿ ತಮ್ಮ ಮಾತಿನ ಸರದಿಯನ್ನು ಹಿಡಿಯುತ್ತಿದ್ದರು. ಆ ನಟನ ಹಾಸ್ಯದ ಜೀವಾಳವೇ ಹೊತ್ತು, ಅಂದರೆ ಯಾವ ಕ್ಷಣದಲ್ಲಿ ಮಾತು ಬೀಳಬೇಕು ಎಂಬ ಲೆಕ್ಕ; ಅದನ್ನು ಅವರು ಕಿವಿಯಿಂದಲ್ಲ, ಕಣ್ಣಿನಿಂದ ಮಾಡುತ್ತಿದ್ದರು. ‘ಬಂಗಾರದ ಮನುಷ್ಯ’ದ ರಾಚೂಟಪ್ಪನನ್ನು ಇನ್ನೊಮ್ಮೆ ನೋಡಿ. ರಾಜ್‌ಕುಮಾರ್ ಮಾತನಾಡುವಾಗ ಆ ಕಣ್ಣುಗಳು ಅವರ ಮುಖಕ್ಕೆ ಅಂಟಿಕೊಂಡಂತೆ ನನಗೆ ತೋರಿದೆ. ಪ್ರೇಕ್ಷಕರಿಗೆ ಅದು ಹಳ್ಳಿಯ ಹಿರಿಯನೊಬ್ಬನ ಅಕ್ಕರೆಯಾಗಿ ಕಾಣುತ್ತದೆ. ನಟನಿಗೆ ಅದು ಕಸುಬಿನ ಅನಿವಾರ್ಯವಾಗಿತ್ತು. ಎರಡೂ ಒಂದೇ ನೋಟದಲ್ಲಿ ಕೂಡಿಕೊಂಡದ್ದು ಹೇಗೆಂದು ನಾನು ಇನ್ನೂ ಯೋಚಿಸುತ್ತಿದ್ದೇನೆ.

ಈ ಮಾತನ್ನು ಮುಂದುವರಿಸಿ ಇಲ್ಲಿ ಬರೆಯುವ ನಿಮ್ಮಲ್ಲಿ ಒಂದು ವಿನಂತಿ. ಹೆಸರುಗಳ ಮೆರವಣಿಗೆ ಬೇಡ. ‘ಅದ್ಭುತ ನಟ, ನಾಯಕನಾಗಬೇಕಿತ್ತು’ ಎಂದು ಬರೆದು ಹೋಗುವುದಾದರೆ ಬರೆಯದಿದ್ದರೂ ನಡೆಯುತ್ತದೆ. ನೀವು ಕಣ್ಣಾರೆ ಕಂಡದ್ದನ್ನು ಬರೆಯಿರಿ.

ನೇಪಥ್ಯ, ಹನುಮಂತನಗರ

ಒಂದೇ ಮನೆಯ ಇಬ್ಬರ ಬಗ್ಗೆ ಬರೆಯುತ್ತೇನೆ. ಶ್ರೀನಾಥ್ ಬೆಳ್ಳಿತೆರೆಯಲ್ಲಿ ಪ್ರಣಯರಾಜ ಎನ್ನಿಸಿಕೊಂಡರು; ಅವರ ಅಣ್ಣ ಸಿ.ಆರ್. ಸಿಂಹ ಅದೇ ಬೆಳ್ಳಿತೆರೆಯಲ್ಲಿ ಖಳನ, ಶ್ರೀಮಂತನ, ಹೆಣ್ಣಿನ ತಂದೆಯ ಪಾತ್ರಗಳಲ್ಲಿ ಬಂದುಹೋದರು. ಸಿನಿಮಾ ಮಾತ್ರ ನೋಡಿದವರ ಕಣ್ಣಲ್ಲಿ ತಮ್ಮನೇ ಮುಂದೆ. ಆದರೆ ಈ ಊರಿನ ನಾಟಕದವರನ್ನು ಕೇಳಿ ನೋಡಿ, ಅವರು ಮೊದಲು ಎತ್ತುವ ಹೆಸರು ಸಿಂಹ. ಬಿ.ವಿ. ಕಾರಂತರು ನಿರ್ದೇಶಿಸಿದ ‘ತುಘಲಕ್’ನಲ್ಲಿ ಸುಲ್ತಾನನಾದವರು ಅವರು. 1972ರಲ್ಲಿ ನಟರಂಗ ಎಂಬ ನಾಟಕ ತಂಡವನ್ನು ಕಟ್ಟಿದ ಗುಂಪಿನ ಮುಂಚೂಣಿಯಲ್ಲಿದ್ದವರು, ನಾಟಕಕಾರ ಕೈಲಾಸಂ ಅವರನ್ನು ಒಬ್ಬರೇ ವೇದಿಕೆಯ ಮೇಲೆ ನಿಂತು ಒಂದಿಡೀ ಸಂಜೆ ಬದುಕಿಸಿ ತೋರಿಸಿದವರು. ರವೀಂದ್ರ ಕಲಾಕ್ಷೇತ್ರದ ಕೊನೆಯ ಸಾಲಿನಲ್ಲಿ ಕೂತರೂ ಅವರ ಪಿಸುಮಾತು ಕೇಳಿಸುತ್ತಿತ್ತು. ಅದಕ್ಕೆ ಮೈಕು ಕಾರಣವಲ್ಲ.

ನಾನು ಹೇಳಬೇಕಾದದ್ದು ಇಷ್ಟು. ನಾವು ‘ನಾಯಕ’ ಎನ್ನುವುದು ನಟನ ಗುಣವೆಂದು ತಿಳಿದಿದ್ದೇವೆ. ಹಾಗಲ್ಲ, ಅದು ಮಾಧ್ಯಮ ಕೊಡುವ ಜಾಗ. ಕಲಾಕ್ಷೇತ್ರದಿಂದ ಸಿನಿಮಾದವರ ಗಾಂಧಿನಗರಕ್ಕೆ ನಡೆದು ಹೋದರೂ ಬಹಳ ಹೊತ್ತಾಗದು. ಆದರೆ ಅಷ್ಟು ದೂರದಲ್ಲಿ ಸುಲ್ತಾನನೊಬ್ಬ ಹೆಣ್ಣಿನ ತಂದೆಯಾಗಿಬಿಡುತ್ತಿದ್ದ. ವಜ್ರಮುನಿಯವರೂ ಹಾಗೆಯೇ. ‘ಪ್ರಚಂಡ ರಾವಣ’ ನಾಟಕದಲ್ಲಿ ಅವರು ರಾವಣ, ಅಂದರೆ ಕಥೆಯ ಕೇಂದ್ರ. ಪುಟ್ಟಣ್ಣ ಕಣಗಾಲರ ‘ಮಲ್ಲಮ್ಮನ ಪವಾಡ’ದಿಂದ 1969ರಲ್ಲಿ ಸಿನಿಮಾಕ್ಕೆ ಬಂದ ಮೇಲೆ ಅದೇ ಧ್ವನಿ, ಅದೇ ಎದೆಗಾರಿಕೆ ನಾಯಕನಿಂದ ಹೊಡೆಸಿಕೊಳ್ಳುವುದಕ್ಕೆ ಮೀಸಲಾಯಿತು. ರಾವಣನ ಪಾತ್ರ ಮಾಡಿದವನಿಗೆ ದುಃಖವೂ ಗೊತ್ತಿರುತ್ತದೆ. ಸಿನಿಮಾದವರು ಅವರಿಂದ ಗರ್ಜನೆಯನ್ನು ಮಾತ್ರ ಪಡೆದುಕೊಂಡು, ಉಳಿದದ್ದನ್ನು ಹಾಗೆಯೇ ಹಿಂದಿರುಗಿಸಿದರು.

ಲೆಕ್ಕದ ಪುಸ್ತಕ, ರಾಜಾಜಿನಗರ

ಕೆಲವು ವರ್ಷ ಗಾಂಧಿನಗರದ ಒಂದು ನಿರ್ಮಾಣ ಕಚೇರಿಯಲ್ಲಿ ಲೆಕ್ಕ ಬರೆದವನು ನಾನು. ಆದ್ದರಿಂದ ನನ್ನ ಮಾತು ಸ್ವಲ್ಪ ಒಣಗಿದ ಹಾಗೆ ಕಂಡರೆ ಮನ್ನಿಸಿ.

ಪ್ರತಿಭೆ ಇಲ್ಲವೆಂದು ಯಾವ ನಿರ್ಮಾಪಕನೂ ಇವರನ್ನು ದೂರ ಇಡುವುದಿಲ್ಲ. ಅವನು ಹಣ ತರುವುದು ಚಿತ್ರ ಮುಗಿದ ಮೇಲಲ್ಲ, ಶುರುವಾಗುವ ಮೊದಲು. ವಿತರಕನ ಮುಂಗಡವಾಗಲಿ, ಟಿವಿಯವರ ಹಕ್ಕಾಗಲಿ, ಈಚಿನ ದಿನಗಳಲ್ಲಿ ಓಟಿಟಿಯವರ ಮಾತುಕತೆಯಾಗಲಿ, ಎಲ್ಲವೂ ಪೋಸ್ಟರಿನ ಮೇಲಿರುವ ಒಂದು ಮುಖದ ಮೇಲೆ ನಿಂತಿರುತ್ತವೆ. ಮೊದಲ ಶುಕ್ರವಾರದ ಬೆಳಗಿನ ಆಟಕ್ಕೆ ಜನರನ್ನು ಎಳೆದು ತರುವ ಶಕ್ತಿ ನಟನೆಯಲ್ಲ, ಅಭಿಮಾನಿ ಸಂಘ. ಪೋಷಕ ನಟನಿಗೆ ಅಭಿಮಾನಿಗಳು ಇರುತ್ತಾರೆ, ಸಂಘ ಇರುವುದಿಲ್ಲ.

ಇನ್ನೊಂದು ಲೆಕ್ಕವಿದೆ, ಅದನ್ನು ಹೊರಗಿನವರು ಗಮನಿಸಿರುವುದಿಲ್ಲ. ಒಳ್ಳೆಯ ಪೋಷಕ ನಟನೊಬ್ಬ ಒಂದೇ ತಿಂಗಳಲ್ಲಿ ನಾಲ್ಕು ಚಿತ್ರಗಳಿಗೆ ಐದೈದು ದಿನ ಹಂಚಿಕೊಡುತ್ತಾನೆ, ನಡುವೆ ಧಾರಾವಾಹಿಯನ್ನೂ ತೂರಿಸುತ್ತಾನೆ. ಅವನ ಸಂಬಳ ದಿನದ ಲೆಕ್ಕದ್ದು. ಅವನಿಗೆ ಒಂದು ಚಿಕ್ಕ ಬಜೆಟ್ಟಿನ ಚಿತ್ರದಲ್ಲಿ ನಾಯಕನ ಪಾತ್ರ ಬಂತೆನ್ನಿ. ನಲವತ್ತು ದಿನ ಬೇಕು. ಅದೂ ಒಂದೇ ಗಡ್ಡ, ಒಂದೇ ಕೂದಲು, ಕಂಟಿನ್ಯೂಟಿ ತಪ್ಪುವಂತಿಲ್ಲ. ಆ ಗಡ್ಡ ಇರುವಷ್ಟು ದಿನ ಪೊಲೀಸ್ ಇನ್‌ಸ್ಪೆಕ್ಟರ್ ಪಾತ್ರ ಹೋಯಿತು, ವಕೀಲನ ಪಾತ್ರ ಹೋಯಿತು, ಪುರೋಹಿತನದೂ ಹೋಯಿತು. ಚಿತ್ರದ ದುಡ್ಡು ನಡುವೆ ನಿಂತು ಶೂಟಿಂಗ್ ಆರು ತಿಂಗಳು ಮುಂದಕ್ಕೆ ಹೋದರೆ ಗಡ್ಡದ ಜೊತೆಗೆ ಬಾಡಿಗೆಯೂ ಬೆಳೆಯುತ್ತದೆ. ನಾಯಕನ ಪಾತ್ರವನ್ನು ತಾವೇ ಬೇಡವೆಂದವರನ್ನು ನಾನು ನೋಡಿದ್ದೇನೆ. ಅವರಲ್ಲಿ ಕಲೆಯ ಹಸಿವು ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ.

ಸಂಜೆ ಆಟ, ವಿಜಯನಗರ

ದಿನೇಶ್, ಮುಸುರಿ ಕೃಷ್ಣಮೂರ್ತಿ, ಧೀರೇಂದ್ರ ಗೋಪಾಲ್, ಎನ್.ಎಸ್. ರಾವ್, ಕರಿಬಸವಯ್ಯ, ಸಂಕೇತ್ ಕಾಶಿ, ಲೋಕನಾಥ್. ಎಲ್ಲರೂ ಮಹಾನ್ ಕಲಾವಿದರು.

ಮುಂದಿನ ಸಾಲು, ಬಸವನಗುಡಿ

ಮೆರವಣಿಗೆ ಬೇಡವೆಂದು ನಾನು ಕೇಳಿಕೊಂಡಿದ್ದೆ. ಈ ಏಳು ಜನರಲ್ಲಿ ಒಬ್ಬರನ್ನು ನಿಲ್ಲಿಸಿ ಮಾತನಾಡಿಸಿ.

ಸಂಜೆ ಆಟ, ವಿಜಯನಗರ

ಒಪ್ಪಿದೆ. ಲೋಕನಾಥ್ ಅವರನ್ನು ನಿಲ್ಲಿಸುತ್ತೇನೆ. 1974ರ ‘ಭೂತಯ್ಯನ ಮಗ ಅಯ್ಯು’ ಲೋಕೇಶ್ ಮತ್ತು ವಿಷ್ಣುವರ್ಧನ್ ಅವರ ಚಿತ್ರ. ಅದರಲ್ಲಿ ಲೋಕನಾಥ್ ಉಪ್ಪಿನಕಾಯಿ ಸವಿಯುವ ಒಂದು ಪ್ರಸಂಗವಿದೆ. ಅಷ್ಟೇ, ಒಬ್ಬ ಮನುಷ್ಯ ಉಪ್ಪಿನಕಾಯಿ ತಿನ್ನುತ್ತಾನೆ. ಕಥೆ ಅದರಿಂದ ಒಂದಿಂಚೂ ಮುಂದೆ ಸರಿಯುವುದಿಲ್ಲ. ಆದರೆ ಆ ಮನುಷ್ಯನ ನಾಲಗೆಗೆ ಹುಳಿ ತಾಗುವ ಕ್ಷಣದಲ್ಲಿ ಚಿತ್ರಮಂದಿರದಲ್ಲಿ ಕೂತ ಎಲ್ಲರ ಬಾಯಲ್ಲೂ ನೀರೂರುತ್ತಿತ್ತು. ಜಮೀನು, ಸಾಲ, ಜಿದ್ದುಗಳ ಅಷ್ಟು ದೊಡ್ಡ ಕಥೆಯಲ್ಲಿ ಹಸಿವೆಂದರೇನು ಎಂದು ತೋರಿಸಿದ್ದು ಆ ಉಪ್ಪಿನಕಾಯಿ. ಅಂದಿನಿಂದ ಅವರ ಹೆಸರಿನ ಮುಂದೆ ‘ಉಪ್ಪಿನಕಾಯಿ’ ಸೇರಿಕೊಂಡಿತು. ಅವರು ತೀರಿಕೊಂಡದ್ದು 2018ರ ಕೊನೆಯ ದಿನ. ಮರುದಿನವೂ ಜನ ನೆನೆದದ್ದು ಅದೇ ಪ್ರಸಂಗವನ್ನು. ನನ್ನ ತಂದೆ ಊಟಕ್ಕೆ ಕೂತಾಗ ಮಾವಿನ ಮಿಡಿ ಬಾಯಿಗಿಟ್ಟು ಅವರಂತೆಯೇ ಒಂದು ಕಣ್ಣು ಮುಚ್ಚುತ್ತಿದ್ದರು. ಮನೆಯ ಊಟದ ಎಲೆಯವರೆಗೆ ಬಂದ ನಾಯಕನಟ ಯಾರಿದ್ದಾರೆ, ಹೇಳಿ.

ಮೂರನೇ ಟೇಕ್, ಬನಶಂಕರಿ

ನಾನು ಬ್ಯಾಂಕಿನ ಕೆಲಸದ ಜೊತೆಗೆ ಹವ್ಯಾಸಿ ನಾಟಕ ಮಾಡಿಕೊಂಡು, ಆಗೊಮ್ಮೆ ಈಗೊಮ್ಮೆ ಧಾರಾವಾಹಿ ಮತ್ತು ಚಿತ್ರಗಳಲ್ಲಿ ಅಟೆಂಡರ್, ಪೋಸ್ಟ್‌ಮ್ಯಾನ್, ಶವದ ಪಕ್ಕ ನಿಲ್ಲುವ ನೆಂಟ ಇತ್ಯಾದಿ ಪಾತ್ರಗಳನ್ನು ಮಾಡಿದವನು. ‘ಕೇಳಿಸಿಕೊಳ್ಳುವ ನಟನೆ’ ಎಂದು ಮೊದಲು ಬರೆದವರು ಒಂದು ಸಂಗತಿಯನ್ನು ತಿಳಿಯಬೇಕು. ಕ್ಯಾಮೆರಾ ಮುಂದೆ ಕೇಳಿಸಿಕೊಳ್ಳುವುದಕ್ಕೆ ಎದುರಿಗೆ ಮಾತನಾಡುವವರು ಇರಬೇಕಲ್ಲ.

ಇಬ್ಬರು ಮಾತನಾಡುವ ದೃಶ್ಯವನ್ನು ಮೊದಲು ದೂರದಿಂದ ಒಂದು ಮಾಸ್ಟರ್ ತೆಗೆದು, ಆಮೇಲೆ ಒಬ್ಬನ ಭುಜದ ಮೇಲಿಂದ ಇನ್ನೊಬ್ಬನ ಮುಖ ತೆಗೆಯುತ್ತಾರೆ. ಇದಕ್ಕೆ ಸೆಟ್ಟಿನಲ್ಲಿ ‘ಸಜೆಷನ್’ ಎನ್ನುತ್ತಾರೆ. ನನಗೊಮ್ಮೆ ಒಂದು ಚಿತ್ರದಲ್ಲಿ ನಾಯಕನ ಜೊತೆ ಕಾಂಬಿನೇಷನ್, ಅಂದರೆ ಒಂದೇ ದೃಶ್ಯದಲ್ಲಿ ನಟಿಸುವ ಅವಕಾಶ ಸಿಕ್ಕಿತ್ತು. ಅವನ ತಂದೆ ತೀರಿಕೊಂಡ ಸುದ್ದಿಯನ್ನು ಅವನು ನನಗೆ ಹೇಳಬೇಕು, ಹಳೆಯ ಆಳಾದ ನಾನು ಕೇಳಬೇಕು. ನಾಯಕನ ಕ್ಲೋಸ್, ಅಂದರೆ ಹತ್ತಿರದಿಂದ ಮುಖ, ಮೊದಲು ತೆಗೆದರು. ನಾನು ಕ್ಯಾಮೆರಾದ ಪಕ್ಕ ನಿಂತು ಆರು ಟೇಕ್ ಅವನಿಗೆ ನೋಟ ಕೊಟ್ಟೆ. ನನ್ನ ಸರದಿ ಬಂದಾಗ ಅವನು ಕ್ಯಾರವಾನಿಗೆ ಹೋಗಿಯಾಗಿತ್ತು. ಸಹಾಯಕ ನಿರ್ದೇಶಕನೊಬ್ಬ, ಇಪ್ಪತ್ತೆರಡು ವರ್ಷದ ಹುಡುಗ, ಹಾಳೆ ಹಿಡಿದು ‘ಅಪ್ಪ ಹೋಗ್ಬಿಟ್ರು ಕಣೋ’ ಎಂದು ರೇಷನ್ ಪಟ್ಟಿ ಓದುವ ಹಾಗೆ ಓದಿದ. ಆ ಓದಿಗೆ ನಾನು ಅಳಬೇಕಾಗಿತ್ತು. ಕೊನೆಗೆ ಆ ದೃಶ್ಯದಲ್ಲಿ ಉಳಿದದ್ದು ನನ್ನ ಭುಜ ಮಾತ್ರ.

ಅದೇ ಚಿತ್ರದಲ್ಲಿ ಇನ್ನೊಂದು ದಿನ. ಹೆಸರು ಹೇಳುವುದು ಬೇಡ, ನೀವೆಲ್ಲ ನೂರು ಚಿತ್ರಗಳಲ್ಲಿ ಕಂಡ ಹಿರಿಯ ನಟರೊಬ್ಬರು. ಅವರ ಬಟ್ಟೆಯ ಚೀಲದಲ್ಲಿ ಮೂರು ಕನ್ನಡಕಗಳಿದ್ದವು. ಗುಮಾಸ್ತನಿಗೊಂದು, ಮೇಷ್ಟ್ರಿಗೊಂದು, ಮೂರನೆಯದು ಯಾವ ಪಾತ್ರಕ್ಕೂ ಒಗ್ಗುವಂಥದ್ದು. ಮೂರಕ್ಕೂ ಗಾಜು ಇರಲಿಲ್ಲ. ಲೈಟು ಬಿದ್ದು ಗಾಜು ಹೊಳೆದರೆ ಕಣ್ಣು ಕಾಣುವುದಿಲ್ಲವೆಂದು, ಅಂಗಡಿಯಿಂದ ಬರೀ ಚೌಕಟ್ಟು ತಂದುಕೊಂಡಿದ್ದರು. ಸವೆದ ಚಪ್ಪಲಿಯೂ ಅವರದೇ. ವಸ್ತ್ರಾಲಂಕಾರದವರು ಕೊಟ್ಟ ಹೊಸ ಚಪ್ಪಲಿ ನಡಿಗೆಯನ್ನೇ ಕೆಡಿಸುತ್ತದೆ ಎಂದರು. ಅವರ ಕ್ಲೋಸ್ ಮುಗಿದು ಪ್ಯಾಕಪ್ ಹೇಳಿದ ಮೇಲೂ ಹೋಗದೆ, ನನ್ನ ಒಂದೇ ಒಂದು ಸಾಲಿಗಾಗಿ ಕ್ಯಾಮೆರಾದ ಪಕ್ಕ ನಿಂತು, ತಮ್ಮ ಪೂರ್ತಿ ಮಾತನ್ನು ಪೂರ್ತಿ ಭಾವದಿಂದ ಹೇಳಿದರು. ಅದು ಯಾವ ಪರದೆಯ ಮೇಲೂ ಬರುವಂಥದ್ದಲ್ಲ, ಅದಕ್ಕೆ ಸಂಬಳವೂ ಇಲ್ಲ. ಆ ಟೇಕು ಮಾತ್ರ ಚಿತ್ರದಲ್ಲಿ ಉಳಿದಿದೆ. ಅದನ್ನು ನೋಡಿದವರು ನನ್ನನ್ನು ಹೊಗಳುತ್ತಾರೆ. ನಾನು ಸುಮ್ಮನೆ ಕೇಳಿಸಿಕೊಂಡಿದ್ದೆ ಅಷ್ಟೆ.

ರೀಲು ಡಬ್ಬಿ, ಶ್ರೀರಾಮಪುರ

ಇಲ್ಲಿಯವರೆಗಿನ ಮಾತಿನಲ್ಲಿ ಒಂದು ಅಂಶ ತಪ್ಪಿಹೋಗಿದೆ. ನಮ್ಮ ಪೋಷಕ ನಟರು ನಾಯಕರೇ ಆಗಲಿಲ್ಲವೆಂಬುದು ನಿಜವಲ್ಲ. ಅವರು ಆಗಿದ್ದಾರೆ, ಮತ್ತು ಆದಾಗಲೆಲ್ಲ ದೊಡ್ಡ ಗೌರವ ತಂದಿದ್ದಾರೆ. ‘ಚೋಮನ ದುಡಿ’ಗೆ 1975ನೇ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದ ಎಂ.ವಿ. ವಾಸುದೇವ ರಾವ್ ಅವರ ಮುಖ ಅದಕ್ಕೆ ಮೊದಲು ಎಷ್ಟು ಜನಕ್ಕೆ ಗೊತ್ತಿತ್ತು? ಗಿರೀಶ ಕಾಸರವಳ್ಳಿಯವರ ‘ದ್ವೀಪ’ದಲ್ಲಿ ಅವಿನಾಶ್, ‘ಗುಲಾಬಿ ಟಾಕೀಸ್’ನಲ್ಲಿ ಉಮಾಶ್ರೀ, ‘ಕನಸೆಂಬೋ ಕುದುರೆಯನೇರಿ’ಯಲ್ಲಿ ವೈಜನಾಥ ಬಿರಾದಾರ. ಬಿರಾದಾರರನ್ನು ಜನಪ್ರಿಯ ಚಿತ್ರಗಳು ಭಿಕ್ಷುಕ ಮತ್ತು ಕುಡುಕನ ಪಾತ್ರಗಳಿಗೆ ಕಟ್ಟಿಹಾಕಿದ್ದವು. ಹೆಣ ಹೂಳುವ ಈರ್ಯನ ಪಾತ್ರಕ್ಕೆ ಸ್ಪೇನ್‌ನ ಚಿತ್ರೋತ್ಸವವೊಂದು ಅವರನ್ನು ಅತ್ಯುತ್ತಮ ನಟ ಎಂದಿತು. ಪಿ. ಶೇಷಾದ್ರಿಯವರ ‘ಭಾರತ್ ಸ್ಟೋರ್ಸ್’ನಲ್ಲಿ ದತ್ತಣ್ಣ ಅಂಗಡಿಯ ಶೆಟ್ಟರಾಗಿ ಇಡೀ ಚಿತ್ರವನ್ನು ಹೊತ್ತರು. ವಾಯುಪಡೆಯಲ್ಲಿ ವಿಂಗ್ ಕಮಾಂಡರ್ ಆಗಿದ್ದವರು ಅವರು. ‘ಮುನ್ನುಡಿ’ಗೆ ಪೋಷಕ ನಟನ ರಾಷ್ಟ್ರಪ್ರಶಸ್ತಿ ಬಂದಾಗ ವಯಸ್ಸು ಅರವತ್ತರ ಹತ್ತಿರ.

ಈಗ ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಚೋಮ ಭೂಮಿಯಿಲ್ಲದವನು. ‘ದ್ವೀಪ’ದ ಗಣಪನ ಊರು ಮುಳುಗುತ್ತದೆ. ಗುಲಾಬಿಯ ಓಣಿಯೇ ಅವಳನ್ನು ಹೊರಗಿಡುತ್ತದೆ. ಈರ್ಯ ಹೂಳುವವನು. ಶೆಟ್ಟರ ಅಂಗಡಿ ಉಳಿಯುವುದು ಕಷ್ಟ. ಕನ್ನಡ ಚಿತ್ರರಂಗ ಇವರಿಗೆ ಕಥೆಯ ಕೇಂದ್ರವನ್ನು ಕೊಟ್ಟದ್ದು ಕಳೆದುಕೊಳ್ಳುವವರ ಪಾತ್ರದಲ್ಲಿ ಮಾತ್ರ. ಗೆಲ್ಲುವ ಮನುಷ್ಯನ ಮುಖ ಒಂದು ಬಗೆಯದು, ಸೋಲುವವನದು ಇನ್ನೊಂದು ಬಗೆಯದು ಎಂದು ನಾವು ಯಾವಾಗಲೋ ನಿರ್ಧರಿಸಿಬಿಟ್ಟಿದ್ದೇವೆ. ಆ ಚಿತ್ರಗಳನ್ನು ನಾನು ಕಡಿಮೆ ಮಾಡುತ್ತಿಲ್ಲ, ಎದೆಗಪ್ಪಿಕೊಂಡಿದ್ದೇನೆ. ಆದರೂ ಈ ಕೊರತೆ ಕಣ್ಣಿಗೆ ಬೀಳುತ್ತದೆ.

ಹಿಂದೆ ಹೀಗಿರಲಿಲ್ಲ ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1960ರಲ್ಲಿ ‘ರಣಧೀರ ಕಂಠೀರವ’ವನ್ನು ತಯಾರಿಸಿದ್ದು ಕಲಾವಿದರ ಸಂಘ. ಅದರ ಹಿಂದೆ ನಿಂತವರು ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ ಮತ್ತು ನರಸಿಂಹರಾಜು. ಒಬ್ಬ ನಾಯಕ, ಒಬ್ಬ ಬರಹಗಾರ, ಇಬ್ಬರು ಹಾಸ್ಯನಟರು. ನಾಲ್ವರೂ ಗುಬ್ಬಿ ನಾಟಕ ಕಂಪನಿಯ ಅನ್ನ ಉಂಡವರು. ಕಂಪನಿಯಲ್ಲಿ ಇಂದು ರಾಜನಾದವನು ನಾಳೆ ದೂತನಾಗುತ್ತಿದ್ದ. ಪಂಕ್ತಿಯಲ್ಲಿ ಎಲ್ಲರ ಎಲೆಯೂ ಒಂದೇ. ಆ ಅಭ್ಯಾಸ ಸ್ವಲ್ಪ ಕಾಲ ಸಿನಿಮಾದಲ್ಲೂ ಉಳಿದಿತ್ತು. ಬಾಲಕೃಷ್ಣ ಅವರು ಕೆಂಗೇರಿ ಕಡೆಯ ಬಯಲಿನಲ್ಲಿ ಅಭಿಮಾನ್ ಸ್ಟುಡಿಯೊ ಕಟ್ಟಲು ಹೊರಟದ್ದು, ನರಸಿಂಹರಾಜು 1974ರಲ್ಲಿ ‘ಪ್ರೊಫೆಸರ್ ಹುಚ್ಚೂರಾಯ’ವನ್ನು ತಾವೇ ನಿರ್ಮಿಸಿ ತಾವೇ ಕೇಂದ್ರದಲ್ಲಿ ನಿಂತದ್ದು, ಎರಡೂ ಆ ಧೈರ್ಯದಿಂದಲೇ. ಸರ್ಕಾರದ ಪ್ರಶಸ್ತಿಗಳೂ ತಡವಾಗಿಯೇ ಕಣ್ಣು ತೆರೆದವು. ಅತ್ಯುತ್ತಮ ನಟನಿಗೆ 1967ನೇ ಸಾಲಿನಿಂದ ರಾಷ್ಟ್ರಪ್ರಶಸ್ತಿ ಇತ್ತು. ಪೋಷಕ ನಟರಿಗೆ ಒಂದು ವಿಭಾಗ ಬಂದದ್ದು 1984ನೇ ಸಾಲಿಗೆ. ನಮ್ಮ ರಾಜ್ಯದ ಪೋಷಕ ನಟ ಪ್ರಶಸ್ತಿಗೆ ಈಗ ಅಶ್ವತ್ಥ್ ಅವರ ಹೆಸರಿದೆ.

ಎಂಟನೇ ಅಡ್ಡರಸ್ತೆ, ಮಲ್ಲೇಶ್ವರ

ಇಷ್ಟು ಹೊತ್ತು ಗಂಡಸರ ಕೊರಗನ್ನೇ ಓದಿದೆ. ಉಮಾಶ್ರೀ ಅವರ ಹೆಸರು ಒಂದು ಸಾಲಿನಲ್ಲಿ ಬಂದು ಹೋಯಿತು. ಗಂಡಸರಿಗೆ ಏಣಿ ಸಿಗಲಿಲ್ಲ ಎಂಬ ದುಃಖ. ಹೆಂಗಸರನ್ನು ಏಣಿಯಿಂದ ಇಳಿಸಿದ್ದನ್ನು ಯಾರೂ ದುಃಖವೆಂದೇ ಎಣಿಸಲಿಲ್ಲ.

1954ರ ‘ಬೇಡರ ಕಣ್ಣಪ್ಪ’ದಲ್ಲಿ ಪಂಡರಿಬಾಯಿ ರಾಜ್‌ಕುಮಾರ್ ಅವರಿಗೆ ನಾಯಕಿ. 1986ರ ‘ಅನುರಾಗ ಅರಳಿತು’ವಿನಲ್ಲಿ ಅದೇ ರಾಜ್‌ಕುಮಾರ್ ಅವರಿಗೆ ತಾಯಿ. ಇಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ನಡುವಿನ 32 ವರ್ಷಗಳಲ್ಲಿ ಒಬ್ಬರಿಗೆ ಮಾತ್ರ ವಯಸ್ಸಾಯಿತು. ಲೀಲಾವತಿಯವರು ಎಷ್ಟೋ ಚಿತ್ರಗಳಲ್ಲಿ ನಾಯಕಿಯಾಗಿ ಹಾಡಿ ಕುಣಿದು, ‘ನಾಗರಹಾವು’ ಬರುವ ಹೊತ್ತಿಗೆ ಚಾಮಯ್ಯ ಮೇಷ್ಟ್ರ ಹೆಂಡತಿ ತುಂಗಮ್ಮನಾಗಿದ್ದರು. ಮೊದಲು ಬರೆದವರು ಧ್ವನಿಯಿಲ್ಲದೆ ಮೇಷ್ಟ್ರ ಮುಖ ನೋಡಿದರಂತೆ. ಅದೇ ಮನೆಯ ಒಳಬಾಗಿಲಲ್ಲಿ ನಿಂತು ಇಬ್ಬರ ಮಾತನ್ನೂ ಕೇಳಿಸಿಕೊಳ್ಳುವ ತುಂಗಮ್ಮನ ಕಡೆಗೂ ಅವರ ಕಣ್ಣು ಹರಿಯಲಿ.

ಉಮಾಶ್ರೀ ಅವರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ದೇವನೂರ ಮಹಾದೇವರ ‘ಒಡಲಾಳ’ ರಂಗಕ್ಕೆ ಬಂದಾಗ ಸಾಕವ್ವನಾಗಿ ಅವರನ್ನು ನೋಡಿದವರು ಇಂದಿಗೂ ಆ ಹೆಸರು ಬಂದೊಡನೆ ದನಿ ತಗ್ಗಿಸಿ ಮಾತನಾಡುತ್ತಾರೆ. ಅದೇ ನಟಿಗೆ ಸಿನಿಮಾ ವರ್ಷಗಟ್ಟಲೆ ಕೊಟ್ಟದ್ದು ಎರಡರ್ಥದ ಮಾತುಗಳನ್ನು. ಆ ಮಾತುಗಳನ್ನು ಅವರು ನಾಚಿಕೊಂಡು ಹೇಳಲಿಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಕೊಟ್ಟ ಕೆಲಸ ಎಷ್ಟೇ ಅಗ್ಗದ್ದಾಗಿರಲಿ, ಅದರ ತಾಳ ತಪ್ಪಲಿಲ್ಲ. 2008ರ ‘ಗುಲಾಬಿ ಟಾಕೀಸ್’ನಲ್ಲಿ ಕರಾವಳಿಯ ಸೂಲಗಿತ್ತಿಯಾಗಿ ಅವರು ಟಿವಿಯ ಮುಂದೆ ಕೂರುವಾಗ ಆ ಕಣ್ಣುಗಳಲ್ಲಿರುವ ಆಸೆ, ಸಿನಿಮಾ ಎಂದರೆ ಪ್ರಾಣ ಬಿಡುವ ಹೆಂಗಸಿನ ಆಸೆ, ಅಭಿನಯವೆಂದು ನನಗೆ ಅನ್ನಿಸಲೇ ಇಲ್ಲ. ರಾಷ್ಟ್ರಪ್ರಶಸ್ತಿ ಬಂದ ಮೇಲೆ ‘ಇವರು ಇಷ್ಟು ಗಂಭೀರ ನಟಿಯೇ’ ಎಂದು ಆಶ್ಚರ್ಯಪಟ್ಟವರು ಬಹಳ. ಆಶ್ಚರ್ಯ ಪಡಬೇಕಾಗಿದ್ದದ್ದು ನಮ್ಮ ಕಣ್ಣಿನ ಬಗ್ಗೆ.

ಬಿ. ಜಯಶ್ರೀ ಅವರದು ಇನ್ನೂ ವಿಚಿತ್ರ. ಗುಬ್ಬಿ ವೀರಣ್ಣನವರ ಮೊಮ್ಮಗಳು, ರಂಗದ ಮೇಲೆ ನಿಂತರೆ ಕಂಬ ಅಲುಗುವ ಧ್ವನಿ. ನಮ್ಮ ಸಿನಿಮಾ ಆ ಧ್ವನಿಯನ್ನು ಕಡ ತಂದು ಬೇರೆ ನಾಯಕಿಯರ ತುಟಿಗಳಿಗೆ ಹೊಂದಿಸಿತು. ಮುಖ ಒಬ್ಬರದು, ಅಳು ಇನ್ನೊಬ್ಬರದು.

ಲೆಕ್ಕದ ಪುಸ್ತಕ, ರಾಜಾಜಿನಗರ

ರೀಲು ಡಬ್ಬಿಯವರ ‘ಸೋಲುವವರ ಮುಖ’ ಎಂಬ ಮಾತು ನನ್ನನ್ನು ಎರಡು ದಿನ ಬಿಡಲಿಲ್ಲ. ಒಂದು ತಿದ್ದುಪಡಿ ಮಾತ್ರ. 2024ರಲ್ಲಿ ಬಂದ ‘ಶಾಖಾಹಾರಿ’ಯನ್ನು ನೋಡಿ. ಮಲೆನಾಡಿನ ಸಣ್ಣ ಊರಿನಲ್ಲಿ ಹೋಟೆಲು ನಡೆಸುವ ಸುಬ್ಬಣ್ಣನಾಗಿ ರಂಗಾಯಣ ರಘು, ಪೊಲೀಸನಾಗಿ ಗೋಪಾಲಕೃಷ್ಣ ದೇಶಪಾಂಡೆ. ಕೇಂದ್ರದಲ್ಲಿರುವ ಇಬ್ಬರೂ ಪೋಷಕ ನಟರು. ಸುಬ್ಬಣ್ಣ ಸುಮ್ಮನೆ ಸೋತು ಕಣ್ಣೀರಿಡುವ ಬಡವನಲ್ಲ. ಅವನೊಳಗೆ ಏನು ಬೇಯುತ್ತಿದೆ ಎಂದು ಹೇಳಲಾಗದ ಮನುಷ್ಯ. ಆ ಚಿತ್ರದ ಬಗ್ಗೆ ಜನ ಬಾಯಿಂದ ಬಾಯಿಗೆ ಹೇಳಿಕೊಂಡರು. ಮರುವರ್ಷ ‘ಅಜ್ಞಾತವಾಸಿ’ಯಲ್ಲೂ ರಘು ಅವರೇ ಮುಖ್ಯ ಪಾತ್ರ. ನನ್ನ ಹಳೆಯ ಲೆಕ್ಕ ಪೂರ್ತಿ ಸುಳ್ಳಾಯಿತು ಎನ್ನುವುದಿಲ್ಲ. ಬಜೆಟ್ಟು ಚಿಕ್ಕದಾದಷ್ಟೂ ಮುಖಕ್ಕೆ ಸ್ವಾತಂತ್ರ್ಯ ಹೆಚ್ಚು ಎಂದು ತಿದ್ದಿಕೊಳ್ಳುತ್ತೇನೆ.

ನೇಪಥ್ಯ, ಹನುಮಂತನಗರ

ಸಂಚಾರಿ ವಿಜಯ್ ಅವರನ್ನು ಬಿಟ್ಟು ಈ ಮಾತು ಮುಗಿಯಬಾರದು. ಸಂಚಾರಿ ಎಂಬುದು ಅವರ ನಾಟಕ ತಂಡದ ಹೆಸರು. ಕೊನೆಯವರೆಗೂ ಅದನ್ನು ತಮ್ಮ ಹೆಸರಿನ ಮುಂದೆಯೇ ಇಟ್ಟುಕೊಂಡರು. ಸಣ್ಣ ಪಾತ್ರಗಳಿಂದ ಬಂದು, ‘ನಾನು ಅವನಲ್ಲ... ಅವಳು’ ಚಿತ್ರಕ್ಕೆ ಅತ್ಯುತ್ತಮ ನಟ ಎನ್ನಿಸಿಕೊಂಡ ಮೇಲೂ ಗಾಂಧಿನಗರಕ್ಕೆ ಅವರನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. 2021ರ ಜೂನ್‌ನಲ್ಲಿ ಇದೇ ಊರಿನ ರಸ್ತೆಯ ಅಪಘಾತದಲ್ಲಿ ಗಾಯಗೊಂಡು ಹೋಗಿಬಿಟ್ಟರು, ವಯಸ್ಸು 37. ಮನೆಯವರು ಅವರ ಅಂಗಾಂಗಗಳನ್ನು ದಾನ ಮಾಡಿದರು. ಹೆಚ್ಚು ಬರೆಯಲು ಕೈ ಓಡುತ್ತಿಲ್ಲ.

ಮುಂದಿನ ಸಾಲು, ಬಸವನಗುಡಿ

ಮಲ್ಲೇಶ್ವರದವರ ಮಾತಿನಂತೆ ‘ನಾಗರಹಾವು’ವನ್ನು ಧ್ವನಿಯಿಲ್ಲದೆ ಇನ್ನೊಮ್ಮೆ ಹಾಕಿ ತುಂಗಮ್ಮನನ್ನೇ ನೋಡಿದೆ. ಅವರು ಹೇಳಿದ್ದು ಸರಿ. ನನ್ನ ಕಣ್ಣು 50 ವರ್ಷದಿಂದ ಆ ಬಾಗಿಲನ್ನು ದಾಟಿ ಹೋಗುತ್ತಿತ್ತು.

ನಿನ್ನೆ ನಡೆದದ್ದನ್ನು ಬರೆಯಬೇಕು. ನಮ್ಮ ಕಡೆಯ ಒಂದು ಮಾಲಿನಲ್ಲಿ ಹೊಸ ಕನ್ನಡ ಚಿತ್ರವೊಂದಕ್ಕೆ ಹೋಗಿದ್ದೆ. ಚಿತ್ರ ಸಾಧಾರಣ. ಆದರೆ ಅದರಲ್ಲಿ ನ್ಯಾಯಬೆಲೆ ಅಂಗಡಿಯವನೊಬ್ಬ ಎರಡು ದೃಶ್ಯಗಳಲ್ಲಿ ಬರುತ್ತಾನೆ. ನಾಯಕ ತನ್ನ ಪ್ರೇಮದ ಕಷ್ಟವನ್ನು ಯಾರಿಗೋ ಫೋನಿನಲ್ಲಿ ಹೇಳಿಕೊಳ್ಳುತ್ತಿರುವಾಗ ಹಿಂದೆ ಈತ ಅಕ್ಕಿ ತೂಗುತ್ತಿರುತ್ತಾನೆ. ಮಾತೆಲ್ಲ ಕಿವಿಗೆ ಬೀಳುತ್ತಿದೆ, ಬಿದ್ದರೂ ಬೀಳದಂತಿರಬೇಕು. ತಕ್ಕಡಿಯ ಮುಳ್ಳು ನಿಂತ ಮೇಲೂ ಒಂದು ಕ್ಷಣ ಕೈ ತಡೆದು, ಆಮೇಲೆ ಒಂದು ಹಿಡಿ ಅಕ್ಕಿಯನ್ನು ಹೆಚ್ಚಿಗೆ ಹಾಕಿದ. ಯಾರೂ ಹೇಳಿಕೊಟ್ಟಿರಲಾರರು, ಫೋಕಸ್ಸೂ ಅವನ ಮೇಲಿರಲಿಲ್ಲ. ಆ ಒಂದು ಹಿಡಿಯಲ್ಲಿ ಆ ಮನುಷ್ಯನಿಗೆ ಮದುವೆಗೆ ಬಂದ ಮಗನೊಬ್ಬ ಇದ್ದಾನೆಂದು ನನಗೆ ತಿಳಿದುಹೋಯಿತು.

ಹೆಸರು ತಿಳಿಯೋಣವೆಂದು ಚಿತ್ರ ಮುಗಿದ ಮೇಲೆ ಕೂತೆ. ಹಿಂದಿನ ಕಾಲದಲ್ಲಿ ತಾರಾಗಣವನ್ನು ಮೊದಲೇ ತೋರಿಸುತ್ತಿದ್ದರು. ಈಗ ಅದು ದೀಪ ಹತ್ತಿದ ಮೇಲೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಬಸ್ಸು ತಪ್ಪಿಸಿಕೊಂಡವರ ವೇಗದಲ್ಲಿ ಮೇಲಕ್ಕೆ ಓಡುತ್ತದೆ. ನಾನು ಎದ್ದು ಪರದೆಯ ಹತ್ತಿರ ಹೋಗಿ ಕತ್ತೆತ್ತಿ ಓದುತ್ತಿರುವಾಗ ಪೊರಕೆ ಹಿಡಿದ ಹುಡುಗ ಬಂದು, ಮುಂದಿನ ಆಟಕ್ಕೆ ಹೊತ್ತಾಯಿತು, ಹೊರಡಿ ಸಾರ್ ಎಂದ. ಅವನ ಕಡೆ ತಿರುಗಿ ‘ಒಂದು ನಿಮಿಷ’ ಎನ್ನುವಷ್ಟರಲ್ಲಿ ‘ನ್ಯಾಯಬೆಲೆ ಅಂಗಡಿ’ ಎಂಬ ಸಾಲು ದಾಟಿಹೋಗಿತ್ತು. ಎದುರಿಗಿದ್ದ ಹೆಸರಿನ ಕೊನೆಯ ಅಕ್ಷರ ಮಾತ್ರ ಕಂಡೆ: ‘ಯ್ಯ’ ಎಂದೋ ‘ಪ್ಪ’ ಎಂದೋ.

ನಾಳೆ ಬೆಳಗಿನ ಆಟಕ್ಕೆ ಮತ್ತೆ ಟಿಕೆಟ್ ತೆಗೆದಿದ್ದೇನೆ. ಈ ಸಲ ಹಿಂದಿನ ಸಾಲು, ಬಾಗಿಲಿನಿಂದ ದೂರದ ಮೂಲೆ. ದೂರದ ಕನ್ನಡಕವನ್ನೂ ಒಯ್ಯುತ್ತಿದ್ದೇನೆ, ಗಾಜು ಇರುವಂಥದ್ದು.

ಮೂರನೇ ಟೇಕ್, ಬನಶಂಕರಿ

ಹೆಸರು ಸಿಕ್ಕಿದರೆ ಪೂರ್ತಿಯಾಗಿ ಇಲ್ಲಿ ಬರೆಯಿರಿ, ಇನಿಷಿಯಲ್ ಸಮೇತ.